ಗಣಕಯಂತ್ರದ ವೇಗವನ್ನು ಹೆಚ್ಚಿಸುವ ವಿಚಾರ

ಸೋಗಾನೆಯಲ್ಲಿರುವ ನಮ್ಮ ಸೋದರಳಿಯನು ಮದುವೆ, ಮುಂಜಿ, ಗೃಹಪ್ರವೇಶಗಳ ಚಲಚ್ಚಿತ್ರಗಳನ್ನು ತೆಗೆದು, ಮನೆಯಲ್ಲಿಯೇ ಗಣಕಯಂತ್ರದ ಮೇಲೆ ಜೋಡಿಸಿ ಕೊಡುವ ಕಸುಬನ್ನು ಹಿಡಿದಿರುವನು. 2023ನೆಯ ಇಸವಿ ಫೆಬ್ರವರಿಯಲ್ಲಿ ವಿಮಾನನಿಲ್ದಾಣದ ಉದ್ಘಾಟನೆಯಾದ ತರುವಾಯ ಸೋಗಾನೆಯ ಹೆಸರು ದೂರದವರಿಗೂ ತಿಳಿದಿರುವುದು. ಹುಡುಗನ ಯಂತ್ರವು ಮಾತ್ರ ಅದಕ್ಕಿಂತ ಬಹಳ ಹಿಂದಿನದು. ಯಾರೋ ಬಳಸಿ ಬಿಟ್ಟುದನ್ನು ಅಗ್ಗಕ್ಕೆ ಕೊಂಡಿದ್ದನು. 2011ರಲ್ಲಿ ಹೊರಬಂದ ಇಂಟೆಲ್ ಕೋರ್ ಐ5-2500ಕೆ ಎಂಬ ನಾಲ್ಕು ಕೋರುಗಳ ಪ್ರೊಸೆಸರು ಅದರಲ್ಲಿರುವುದು. ಲಗ್ನದ ತಿಂಗಳುಗಳಲ್ಲಿ ಕೆಲಸವು ರಾಶಿ ಬೀಳುವುದು. ಯಂತ್ರವು ರಾತ್ರಿಯೆಲ್ಲ ಓಡಿದರೂ ಸಾಲದು. ಹೊಸದನ್ನು ಕೊಳ್ಳೋಣವೆಂದರೆ ಕ್ಯಾಮೆರಾದ ಸಾಲವೇ ಇನ್ನೂ ತೀರಿರಲಿಲ್ಲ.

“ಮಾವ, ಇದನ್ನೇ ಇನ್ನೂ ಜೋರಾಗಿ ಓಡಿಸಬಹುದಂತೆ. ಖರ್ಚೇನೂ ಇಲ್ಲವಂತೆ” ಎಂದು ಅವನು ಒಂದು ದಿನ ನಮ್ಮಲ್ಲಿ ಹೇಳಿದನು. ಖರ್ಚಿಲ್ಲವೆಂಬ ಮಾತು ಕಿವಿಗೆ ಬಿದ್ದೊಡನೆ ಗೃಹಸ್ಥನಾದವನು ಎಚ್ಚತ್ತುಕೊಳ್ಳಬೇಕು. ನಾವು ಎಚ್ಚತ್ತುಕೊಳ್ಳಲಿಲ್ಲ. “ಆಗಲಿ, ನೋಡು” ಎಂದುಬಿಟ್ಟೆವು. ಅದರಿಂದ ಆದುದನ್ನು ಮುಂದೆ ಹೇಳುವೆವು. ಮೊದಲು, ಓವರ್‌ಕ್ಲಾಕಿಂಗ್ ಎಂದು ಕರೆಯಲ್ಪಡುವ ಈ ಕ್ರಮವು ಎಂತಹದೆಂಬುದನ್ನು ವಾಚಕರು ತಿಳಿಯಬೇಕು.

ಪ್ರೊಸೆಸರಿನೊಳಗೆ ನಡೆಯುವ ಸಮಸ್ತ ಕೆಲಸವೂ ಒಂದು ತಾಳಕ್ಕೆ ಕಟ್ಟುಬಿದ್ದು ನಡೆಯುವುದು. ಮದರ್‌ಬೋರ್ಡು ಸೆಕೆಂಡಿಗೆ ಹತ್ತು ಕೋಟಿ ಪೆಟ್ಟುಗಳ, ಎಂದರೆ 100 ಮೆಗಾಹರ್ಟ್ಸಿನ, ಮೂಲ ತಾಳವನ್ನು ಹಾಕುವುದು. ಪ್ರೊಸೆಸರು ಅದನ್ನು ಒಂದು ಗುಣಕದಿಂದ ಗುಣಿಸಿಕೊಳ್ಳುವುದು. ಮೇಲೆ ಹೇಳಿದ ಪ್ರೊಸೆಸರಿನ ಗುಣಕವು 33. ಆದಕಾರಣ ಅದರ ವೇಗವು 3.3 ಗಿಗಾಹರ್ಟ್ಸ್. ನಾಲ್ಕು ಕೋರುಗಳೂ ದುಡಿಯುತ್ತಿರುವಾಗ ತಾನಾಗಿಯೇ 3.4ಕ್ಕೂ, ಒಂದೇ ದುಡಿಯುವಾಗ 3.7ಕ್ಕೂ ಏರುವುದು. ಗುಣಕವನ್ನು ನಾವೇ 40 ಎಂದು ಬರೆದರೆ ನಾಲ್ಕು ಕೋರುಗಳೂ 4 ಗಿಗಾಹರ್ಟ್ಸಿನಲ್ಲಿ ಓಡುವುವು. ವಿದ್ಯೆಯು ಇಷ್ಟೇ. ಸಂಗೀತವನ್ನು ಬಲ್ಲವರು ತಾಳವನ್ನು ದ್ರುತಕ್ಕೆ ಏರಿಸುವುದಕ್ಕೆ ಹೋಲಿಸಿಕೊಳ್ಳಬಹುದು. ಗಾಯಕನ ಉಸಿರು ಎಲ್ಲಿಯವರೆಗೆ ತಡೆದೀತೆಂಬುದೇ ಪ್ರಶ್ನೆ.

ತಯಾರಿಸಿದವರೇ ಏಕೆ ಹೆಚ್ಚು ವೇಗದಲ್ಲಿ ಮಾರಬಾರದು ಎಂದು ಕೇಳಬಹುದು. ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಚೂರುಗಳೆಲ್ಲವೂ ಒಂದೇ ಶಕ್ತಿಯವಾಗಿರುವುದಿಲ್ಲ. ಅತಿ ಬಡಕಲಾದುದೂ, ಅತಿ ಸೆಕೆಯ ಕೋಣೆಯಲ್ಲಿಯೂ, ವರ್ಷಗಟ್ಟಲೆ ತಪ್ಪದೆ ನಡೆಯಬೇಕೆಂದು ಅವರು ವೇಗವನ್ನು ತಗ್ಗಿಸಿಯೇ ಮುದ್ರೆಯೊತ್ತುವರು. ಆ ಉಳಿಕೆಯೇ ಹವ್ಯಾಸಿಗಳ ಪಾಲು. 1998ರಲ್ಲಿ ಬಂದ ಸೆಲೆರಾನ್ 300ಎ ಎಂಬುದರ ಗುಣಕವು ನಾಲ್ಕೂವರೆ. ಮೂಲ ತಾಳವನ್ನು 66ರಿಂದ 100 ಮೆಗಾಹರ್ಟ್ಸಿಗೆ ಏರಿಸಿದೊಡನೆ 300 ಇದ್ದ ವೇಗವು 450ಕ್ಕೆ ಮುಟ್ಟುತ್ತಿತ್ತು. 2007ರ ಕೋರ್ 2 ಕ್ವಾಡ್ ಕ್ಯೂ6600 ಎಂಬ ನಾಲ್ಕು ಕೋರುಗಳ ಪ್ರೊಸೆಸರನ್ನೂ ಇದೇ ಉಪಾಯದಿಂದ 2.4ರಿಂದ 3 ಗಿಗಾಹರ್ಟ್ಸಿಗೆ ಒಯ್ದವರು ಅಸಂಖ್ಯರು. ಇದು ಸಮುದ್ರದಾಚೆಯವರಿಗೆ ಮಾತ್ರ ದಕ್ಕಿದ ವಿದ್ಯೆಯೆಂದು ತಿಳಿಯಬೇಕಾಗಿಲ್ಲ. 2008ರ ಸೆಪ್ಟೆಂಬರಿನಲ್ಲಿ ಹೊರಬಂದ ಇಂಟೆಲಿನ ಆರು ಕೋರುಗಳ ಜೀಯಾನ್ 7400 ರೂಪುಗೊಂಡದ್ದು ನಮ್ಮ ಬೆಂಗಳೂರಿನಲ್ಲಿಯೇ.

ಎಲ್ಲ ಪ್ರೊಸೆಸರುಗಳೂ ಇದಕ್ಕೆ ಒಪ್ಪುವುದಿಲ್ಲ. 2011ರಿಂದೀಚಿನ ಇಂಟೆಲ್ ಪ್ರೊಸೆಸರುಗಳಲ್ಲಿ ಹೆಸರಿನ ಕೊನೆಗೆ ‘ಕೆ’ ಎಂಬ ಅಕ್ಷರವುಳ್ಳವುಗಳಿಗೆ ಗುಣಕದ ಬೀಗವು ತೆರೆದಿರುವುದು. ಅದಿಲ್ಲದವುಗಳಲ್ಲಿ ಹೆಚ್ಚಿನವುಗಳಿಗೆ ಇಲ್ಲ. ಮದರ್‌ಬೋರ್ಡೂ ತಕ್ಕುದಾಗಿರಬೇಕು. ನಮ್ಮ ಅಳಿಯನದು ಪಿ67. ಎಚ್61 ಆಗಿದ್ದ ಪಕ್ಷದಲ್ಲಿ ಈ ಲೇಖನಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಎಎಂಡಿಯವರ ರೈಜನ್ ಪ್ರೊಸೆಸರುಗಳು 2017ರಲ್ಲಿ ಬಂದಾಗ ಬೀಗವಿಲ್ಲದೆಯೇ ಬಂದುವು; ಅವುಗಳಿಗೂ ಎ320 ಬೋರ್ಡು ಆಗದು, ಬಿ350 ಆಗಬಹುದು. ಮೂಲ ತಾಳವನ್ನು ಮಾತ್ರ ಈ ಕಾಲದ ಯಂತ್ರಗಳಲ್ಲಿ ಮುಟ್ಟದಿರುವುದೇ ಲೇಸು. ಡಿಸ್ಕು ಮುಂತಾದ ಇತರ ಭಾಗಗಳೂ ಅದಕ್ಕೇ ಕಟ್ಟುಬಿದ್ದಿರುವುವು.

ಇನ್ನು ನಡೆದ ಸಂಗತಿ. ಹುಡುಗನು ಪುಷ್ಯ ಮಾಸದ ಒಂದು ತಂಪು ರಾತ್ರಿ ಗುಣಕವನ್ನು ಒಂದೇ ನೆಗೆತಕ್ಕೆ 45 ಮಾಡಿ, ವೋಲ್ಟೇಜನ್ನು 1.20ರಿಂದ 1.40ಕ್ಕೆ ಏರಿಸಿ, ಅಷ್ಟಕ್ಕೆ ತೃಪ್ತನಾಗದೆ 1333ರ ಮೆಮೊರಿಯನ್ನೂ 1866 ಎಂದು ಬರೆದನು. ಹತ್ತು ನಿಮಿಷ ಪರೀಕ್ಷಿಸಿದನು. ಎಲ್ಲವೂ ಸರಿಯಾಗಿದ್ದಂತೆ ತೋರಿತು. ಎರಡು ತಿಂಗಳು ಹೊಗಳಿಯೇ ಹೊಗಳಿದನು, ನಾವೂ ತಲೆದೂಗಿದೆವು. ವೈಶಾಖದಲ್ಲಿ ಭದ್ರಾವತಿಯ ಒಂದು ಮದುವೆಯ ಚಿತ್ರವನ್ನು ಕ್ಯಾಮೆರಾದ ಕಾರ್ಡಿನಿಂದ ಯಂತ್ರಕ್ಕೆ ಇಳಿಸಿಕೊಂಡು, ಮರುದಿನದ ಮುಹೂರ್ತಕ್ಕಾಗಿ ಕಾರ್ಡನ್ನು ಅಳಿಸಿದನು. ವಾರದ ಮೇಲೆ ತೆರೆದು ನೋಡಿದರೆ ಧಾರೆಯ ಭಾಗವು ಹಸಿರು ಚೌಕಗಳ ರಾಶಿಯಾಗಿತ್ತು. ಮುಂದಿನ ಕಡತವು ತೆರೆಯಲೇ ಇಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಅಕ್ಷರವೆಲ್ಲ ಮೆಮೊರಿಯ ಮೂಲಕವೇ ಹಾದುಹೋಗಬೇಕು. ಅದು ಸೆಕೆಗೆ ತತ್ತರಿಸಿ ಒಂದನ್ನು ಸೊನ್ನೆಯೆಂದು ಓದಿದರೆ, ಡಿಸ್ಕು ಸೊನ್ನೆಯನ್ನೇ ನಂಬಿ ಬರೆದಿಡುವುದು. ಯಂತ್ರವು ನಿಂತುಹೋಗಿದ್ದರೆ ವಾಸಿಯಾಗಿತ್ತು. ನಿಲ್ಲದೆ ತಪ್ಪು ಮಾಡಿತು.

ಆ ಮನೆಯವರಲ್ಲಿ ಹೇಳಿಕೊಳ್ಳಲು ಅವನೊಡನೆ ನಾವೂ ಹೋದೆವು. ಹಣವನ್ನು ಹಿಂದಕ್ಕೆ ಕೊಟ್ಟುದಾಯಿತು. ಅವರು ಗಟ್ಟಿಯಾಗಿ ಒಂದು ಮಾತನ್ನೂ ಆಡಲಿಲ್ಲ. ಹೆಣ್ಣಿನ ಅಜ್ಜಿ ಅದೇ ಮಳೆಗಾಲದಲ್ಲಿ ತೀರಿಕೊಂಡರೆಂದು ಆಮೇಲೆ ಕೇಳಿದೆವು. ಅವರು ಅಕ್ಷತೆ ಹಿಡಿದು ನಿಂತಿದ್ದ ಚಿತ್ರವು ಯಾರದೋ ಫೋನಿನಲ್ಲಿ ಅರ್ಧ ನಿಮಿಷದಷ್ಟು ಮಾತ್ರ ಉಳಿದಿದೆಯಂತೆ.

ಆದುದರಿಂದ ಇದನ್ನು ಆರಂಭಿಸತಕ್ಕವರು ಮೊದಲು ಮಾಡಬೇಕಾದುದು ಬಯಾಸ್ ತೆರೆಯುವುದಲ್ಲ. ಬೇಕಾದ ಕಡತಗಳನ್ನೆಲ್ಲ ಬೇರೊಂದು ಡಿಸ್ಕಿನಲ್ಲಿ ಪ್ರತಿ ಮಾಡಿ ಯಂತ್ರದಿಂದ ಕಳಚಿಡುವುದು. ಆಮೇಲೆ ಪೆಟ್ಟಿಗೆಯನ್ನು ಬಿಚ್ಚಿ ಧೂಳು ತೆಗೆಯಬೇಕು. ನಮ್ಮ ಸೀಮೆಯ ಕೆಮ್ಮಣ್ಣು ಫ್ಯಾನಿನ ರೆಕ್ಕೆಗಳಿಗೆ ಹೇಗೆ ಅಂಟುವುದೆಂಬುದನ್ನು ನೋಡಿಯೇ ತಿಳಿಯಬೇಕು. ನಮಗೆ ಒಳಗೆ ಒಂದು ಒಣಗಿದ ಹಲ್ಲಿಯೂ ದೊರಕಿತು. ಪ್ರೊಸೆಸರಿಗೂ ಅದರ ಮೇಲೆ ಕೂರುವ ಕೂಲರಿಗೂ ನಡುವೆ ಇರುವ ಥರ್ಮಲ್ ಪೇಸ್ಟು ಹಳೆಯ ಯಂತ್ರಗಳಲ್ಲಿ ಸುಣ್ಣದಂತೆ ಒಣಗಿರುವುದು. ಒರಸಿ, ಬಟಾಣಿಯಷ್ಟು ಹೊಸದನ್ನು ಇಡಬೇಕು. ಪೆಟ್ಟಿಗೆಯೊಡನೆ ಬಂದ ಚಿಕ್ಕ ಫ್ಯಾನು ಈ ಕೆಲಸಕ್ಕೆ ಸಾಲದು. ತಾಮ್ರದ ಕೊಳವೆಗಳುಳ್ಳ ದೊಡ್ಡ ಕೂಲರನ್ನು ಕೊಳ್ಳಬೇಕು. ಖರ್ಚಿಲ್ಲವೆಂಬ ಮಾತು ಇಲ್ಲಿಗೆ ಮುಗಿಯಿತು.

ಬಳಿಕ ಯಂತ್ರವನ್ನು ಹಾಕಿದೊಡನೆ ಡಿಲೀಟ್ ಕೀಲಿಯನ್ನು ಒತ್ತಿ ಬಯಾಸನ್ನು ಹೊಕ್ಕು, ಇದ್ದ ಅಂಕಿಗಳನ್ನೆಲ್ಲ ಕಾಗದದ ಮೇಲೆ ಬರೆದುಕೊಳ್ಳಬೇಕು. ಮೆಮೊರಿಯನ್ನು ಅದರ ಸಹಜ ವೇಗದಲ್ಲಿಯೇ ಬಿಡಬೇಕು. ವೋಲ್ಟೇಜನ್ನು ಬೋರ್ಡಿನ ವಿವೇಕಕ್ಕೆ ಬಿಡಬಾರದು. ಬೇಕಾದುದಕ್ಕಿಂತ ಹೆಚ್ಚನ್ನೇ ಅದು ಸುರಿಯುವುದು. ಗುಣಕವನ್ನು ಒಂದೊಂದೇ ಅಂಕಿ ಏರಿಸುತ್ತ ಪ್ರತಿಸಲವೂ ಪರೀಕ್ಷಿಸಬೇಕು. ಯಂತ್ರವು ತಡವರಿಸಿದರೆ ವೋಲ್ಟೇಜನ್ನು ಎರಡು ನೂರನೆಯ ಪಾಲಿನಷ್ಟು, ಎಂದರೆ 0.02, ಏರಿಸಿ ನೋಡಬೇಕು. ಅದಕ್ಕೂ ಜಗ್ಗದಿದ್ದರೆ ಗುಣಕವನ್ನು ಇಳಿಸಬೇಕು. ತೆರೆಯೇ ಮೂಡದೆ ಹೋದರೆ ಗಾಬರಿ ಬೇಡ: ವಿದ್ಯುತ್ತನ್ನು ತೆಗೆದು, ಬೋರ್ಡಿನ ಮೇಲಿನ ದುಂಡು ಬ್ಯಾಟರಿಯನ್ನು ಕೆಲವು ನಿಮಿಷ ಹೊರಗಿಟ್ಟರೆ ಹಳೆಯ ಅಂಕಿಗಳು ಮರಳಿ ಬರುವುವು.

ಪರೀಕ್ಷೆಗೆ ಪ್ರೈಮ್95 ಎಂಬ ತಂತ್ರಾಂಶವು ಪ್ರಸಿದ್ಧವಾದುದು. ಮೆರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲೆಂದು 1996ರಲ್ಲಿ ಆರಂಭವಾದ ಸಾಮೂಹಿಕ ಯತ್ನದ ಉಪಕರಣವಿದು. ಉತ್ತರವು ಮೊದಲೇ ಗೊತ್ತಿರುವ ದೊಡ್ಡ ಲೆಕ್ಕಗಳನ್ನು ಮಾಡಿಸಿ ತಾಳೆ ನೋಡುವುದರಿಂದ, ನಿಲ್ಲದೆ ತಪ್ಪು ಮಾಡುವ ಯಂತ್ರವೂ ಇಲ್ಲಿ ಸಿಕ್ಕಿಬೀಳುವುದು. ಹತ್ತು ನಿಮಿಷವಲ್ಲ, ಕೆಲವು ಗಂಟೆಗಳು ಓಡಿಸಬೇಕು. ಅದೂ ಚೈತ್ರ ವೈಶಾಖದ ಮಧ್ಯಾಹ್ನದಲ್ಲಿ. ಕೋಣೆಯ ಗಾಳಿಗಿಂತ ತಣ್ಣಗೆ ಮಾಡುವ ಶಕ್ತಿಯು ಯಾವ ಫ್ಯಾನಿಗೂ ಇಲ್ಲ. ರಾತ್ರಿ 24 ಡಿಗ್ರಿಯ ಕೋಣೆಯಲ್ಲಿ 72 ತೋರಿದ ಪ್ರೊಸೆಸರು, ಮಧ್ಯಾಹ್ನದ 36 ಡಿಗ್ರಿಯಲ್ಲಿ 84 ಆದರೂ ತೋರುವುದು. ನೂರರ ಸಮೀಪಕ್ಕೆ ಬಂದರೆ ಅದು ಪ್ರಾಣಭಯದಿಂದ ತಾನೇ ವೇಗವನ್ನು ಕುಗ್ಗಿಸಿಕೊಳ್ಳುವುದು. 80ನ್ನು ಮೀರದಂತೆ ಇಡುವುದು ನಮ್ಮ ಮತ.

ಲೆಕ್ಕವನ್ನೂ ನೋಡೋಣ. ವ್ಯಯವಾಗುವ ವಿದ್ಯುತ್ತು ವೇಗಕ್ಕೆ ನೇರವಾಗಿಯೂ ವೋಲ್ಟೇಜಿನ ವರ್ಗಕ್ಕೆ ಅನುಸಾರವಾಗಿಯೂ ಏರುವುದು. ಸಹಜ ಸ್ಥಿತಿಯಲ್ಲಿ 95 ವಾಟು ಎಂದಿಟ್ಟುಕೊಂಡರೆ, ಗುಣಕ 40, ವೋಲ್ಟೇಜು 1.25 ಆದಾಗ ಸುಮಾರು 121 ವಾಟು. 45 ಮತ್ತು 1.40 ಆದಾಗ ಸುಮಾರು 171. ಒಂದು ಗಂಟೆಯ ಕೆಲಸವು ಮೊದಲನೆಯದರಲ್ಲಿ 51 ನಿಮಿಷಕ್ಕೆ, ಎರಡನೆಯದರಲ್ಲಿ 45 ನಿಮಿಷಕ್ಕೆ ಮುಗಿಯುವುದು. ಆ ಆರು ನಿಮಿಷಗಳಿಗಾಗಿ 50 ವಾಟಿನ ಕಾವನ್ನು ಮನೆಯೊಳಗೆ ಸುರಿದುಕೊಂಡಂತಾಯಿತು. ಸಾಲದುದಕ್ಕೆ, ಹೆಚ್ಚಿನ ವೋಲ್ಟೇಜಿನ ಹರಿವು ಪ್ರೊಸೆಸರಿನೊಳಗಿನ ಕೂದಲಿಗಿಂತ ಸೂಕ್ಷ್ಮವಾದ ತಂತಿಗಳ ಲೋಹವನ್ನೇ ದಿನಕ್ಕಿಷ್ಟೆಂದು ಸವೆಸುವುದು. ಹೊಸ ಯಂತ್ರವಾದರೆ, ಇದರಿಂದಾದ ಹಾನಿಗೆ ವಾರಂಟಿಯೂ ಒದಗದು. ತಡವು ಡಿಸ್ಕಿನದಾಗಿದ್ದರೆ ಗುಣಕದಿಂದ ಯಾವ ಪ್ರಯೋಜನವೂ ಇಲ್ಲ. ಅಂಥವರು ಒಂದು ಎಸ್‌ಎಸ್‌ಡಿಯನ್ನು ಕೊಂಡು ಈ ಪುಟವನ್ನು ಮಡಿಸಿಡಬಹುದು.

ನಮ್ಮ ಹುಡುಗನ ಯಂತ್ರವು ಈಗ 40ರಲ್ಲಿ, 1.25 ವೋಲ್ಟಿನಲ್ಲಿ ಓಡುತ್ತಿದೆ. ಆ ಅಂಕಿಗಳನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಪಕ್ಕಕ್ಕೆ ಅಂಟಿಸಿರುವನು. ಕಾರ್ಡುಗಳನ್ನು ಇನ್ನೆರಡು ಕೊಂಡು, ಚಿತ್ರವು ಮನೆಯವರ ಕೈ ಸೇರುವ ತನಕ ಒಂದನ್ನೂ ಅಳಿಸುವುದಿಲ್ಲ. ಮೊನ್ನೆ, “ಮಾವ, ನಲವತ್ತೊಂದು ಮಾಡಿ ನೋಡಲೇ?” ಎಂದು ಕೇಳಿದನು. ಕೈಯಲ್ಲಿರುವ ಲಗ್ನಗಳೆಲ್ಲ ಮುಗಿಯಲಿ ಎಂದಿದ್ದೇವೆ.