ಮನೋವೈದ್ಯಕ್ಕೆ ಸಿದ್ದಿ ತರುಣರು

ಜ್ವರವನ್ನಳೆಯಲು ಉಷ್ಣಮಾಪಕವಿದೆ, ರಕ್ತದ ಒತ್ತಡಕ್ಕೂ ಮಾಪಕವುಂಟು. ರೋಗಿಯ ಭಾಷೆ ವೈದ್ಯರಿಗೆ ತಿಳಿಯದಿದ್ದರೂ ಅವು ತೋರಿಸುವ ಅಂಕೆ ತಪ್ಪುವುದಿಲ್ಲ. ಆದರೆ ಖಿನ್ನತೆಯನ್ನಾಗಲಿ ಭೀತಿಯನ್ನಾಗಲಿ ಅಳೆಯಲು ಅಂತಹ ಉಪಕರಣವಿಲ್ಲ. ಅಲ್ಲಿ ರೋಗಿಯ ಮಾತು ಮುಖ್ಯ. ಅದನ್ನಾಲಿಸುವವರ ಕಿವಿಯೇ ಮಾಪಕ. ಆದುದರಿಂದ ಆ ಕಿವಿ ಯಾರದೆಂಬ ಪ್ರಶ್ನೆ ವಿಜ್ಞಾನಕ್ಕೂ ಸಂಬಂಧಿಸಿದುದು.

ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕಿನಲ್ಲಿ ಸಿದ್ದಿ ಜನರಿದ್ದಾರೆ. ಇವರ ಪೂರ್ವಜರು ಆಫ್ರಿಕದವರು. ಅವರಲ್ಲಿ ಹಲವರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ಸಿದ್ದಿಗಳಲ್ಲಿ ಅನೇಕರ ಮನೆಮಾತು ಕೊಂಕಣಿಯ ಒಂದು ಬಗೆ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿಯೇ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ಧಾರವಾಡ, ಬೆಳಗಾವಿ ಜಿಲ್ಲೆಗಳವರು 2020ರವರೆಗೆ ಕಾಯಬೇಕಾಯಿತು. ಒಂದೇ ಕುಲದವರ ನಡುವೆ ಜಿಲ್ಲೆಯ ಗಡಿಯು 17 ವರ್ಷಗಳ ಅಂತರವನ್ನು ತಂದಿತು!

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಂತೆ, ಬೇರೆ ಬೇರೆ ಮನೋವ್ಯಾಧಿಗಳುಳ್ಳವರಲ್ಲಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆ ದೊರೆಯುತ್ತಿರಲಿಲ್ಲ. ಕಲಘಟಗಿಗೆ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ದೂರವೇನಲ್ಲ. ಆದರೆ ತನ್ನ ಸಂಕಟವನ್ನು ಪರಭಾಷೆಯಲ್ಲಿ, ಅಪರಿಚಿತರೆದುರು ಹೇಳಬೇಕಾದವರಿಗೆ ಹತ್ತಿರದ ಆಸ್ಪತ್ರೆಯೂ ದೂರವೇ. ನೆರೆಯವರನ್ನು ದುಭಾಷಿಗಳನ್ನಾಗಿ ಕೂರಿಸಿದರೆ ಗುಟ್ಟು ಉಳಿಯುವುದೆಂತು?

ಹೀಗಿರಲು, ಸಿದ್ದಿ ತರುಣ ತರುಣಿಯರನ್ನೇ ಚಿಕಿತ್ಸಾ ಮನಶ್ಶಾಸ್ತ್ರ, ಮನೋವೈದ್ಯಕೀಯ ಸಮಾಜಕಾರ್ಯ, ಮಾನಸಿಕ ಶುಶ್ರೂಷೆಗಳಲ್ಲಿ ತರಬೇತುಗೊಳಿಸುವುದು ಯುಕ್ತ. ಪರಿಶಿಷ್ಟ ಪಂಗಡದವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವುಂಟು. ಸಂಶೋಧನೆಗೆ ರಾಷ್ಟ್ರೀಯ ಶಿಷ್ಯವೇತನವೂ ಉಂಟು. ಇವು ಎಲ್ಲ ವಿಷಯಗಳಿಗೂ ಸಾಮಾನ್ಯವಾದುವು. ಅಮೆರಿಕದಲ್ಲಿ 1970ರ ದಶಕದಲ್ಲಿಯೇ ಅಲ್ಪಸಂಖ್ಯಾತ ಜನಾಂಗಗಳ ಮನಶ್ಶಾಸ್ತ್ರ ವಿದ್ಯಾರ್ಥಿಗಳಿಗೆಂದು ಪ್ರತ್ಯೇಕ ಶಿಷ್ಯವೇತನಗಳು ಆರಂಭವಾದುವು. ಅಂತಹುದು ನಮ್ಮಲ್ಲಿಯೂ ಬೇಕು. ಅದು ಶುಲ್ಕಕ್ಕೆ ಮಾತ್ರ ಸಾಲುವಂತಿದ್ದರೆ ಪ್ರಯೋಜನವಿಲ್ಲ. ಕೂಲಿಯನ್ನು ಬಿಟ್ಟು ಓದಲು ಬಂದವರ ಮನೆಯೂ ನಡೆಯುವಷ್ಟಿರಬೇಕು. ತರಬೇತು ಮುಗಿದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಹುದ್ದೆಯೂ ಕಾದಿರಬೇಕು.

ರೋಗಕ್ಕೆ ಜಾತಿಯಿಲ್ಲ, ವೈದ್ಯರಿಗೇಕೆ ಎಂದು ಕೆಲವರು ಕೇಳಬಹುದು. ಮಾತು ನಿಜ. ಸಿದ್ದಿ ವೈದ್ಯೆಯೊಬ್ಬಳು ನವಲಗುಂದದ ರೈತನನ್ನೂ ಅಣ್ಣಿಗೇರಿಯ ವ್ಯಾಪಾರಿಯನ್ನೂ ಅಷ್ಟೇ ದಕ್ಷತೆಯಿಂದ ನೋಡಬಲ್ಲಳು. ಅವಳನ್ನು ತನ್ನವರ ಸೇವೆಗೆ ಮಾತ್ರ ಕಟ್ಟಿಹಾಕುವುದು ಅನ್ಯಾಯ. ಆದರೆ ಮೈಬಣ್ಣಕ್ಕಾಗಿ ಬಾಲ್ಯದಿಂದಲೂ ನಗೆಗೀಡಾದವರ ನೋವು ಎಂತಹುದೆಂಬುದನ್ನು ಅವಳು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಇತರರಿಗೆ ಹೊಳೆಯದ ಪ್ರಶ್ನೆಗಳನ್ನು ಅವಳು ಕೇಳುವಳು. ಅದರಿಂದ ಮನಶ್ಶಾಸ್ತ್ರಕ್ಕೂ ಲಾಭವುಂಟು.

ಕಲಘಟಗಿಯ ಶಾಲೆ ಕಾಲೇಜುಗಳಲ್ಲಿ ಓದುತ್ತಿರುವ ಸಿದ್ದಿ ವಿದ್ಯಾರ್ಥಿಗಳಿಗೆ ಇಂತಹ ವೃತ್ತಿಗಳಿವೆಯೆಂಬುದನ್ನು ಅಧ್ಯಾಪಕರು ಇಂದೇ ತಿಳಿಸಲಿ. ದಾರಿಯ ವೆಚ್ಚವನ್ನು ಸರಕಾರವು ಹೊರಲಿ.