ಇಬ್ಬರ ಮಾತಿಗೆ ಎರಡು ಮೈಕು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಗಾದೆ. ಒಡೆದ ಮುತ್ತನ್ನು ಕೂಡಿಸುವ ವಿದ್ಯೆ ಇನ್ನೂ ಯಾರಿಗೂ ಕೈಗೂಡಿಲ್ಲ. ಆಡಿದ ಮಾತನ್ನು ಹಿಡಿದಿಡುವ ವಿದ್ಯೆ ಮಾತ್ರ ಇಂದು ಮನೆಮನೆಗೂ ಬಂದಿದೆ. ಹಿಂದೆ ಅದು ಇಷ್ಟು ಸುಲಭವಾಗಿರಲಿಲ್ಲ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ 30 ವಾಟ್ ಶಕ್ತಿಯ ಪುಟ್ಟ ಪ್ರಸಾರಯಂತ್ರವೊಂದನ್ನು ಇರಿಸಿ ಬಾನುಲಿಯನ್ನು ಆರಂಭಿಸಿದಾಗ, ಅದು ಊರಿಗೆ ಊರೇ ಬೆರಗಾಗುವ ಸಾಹಸವಾಗಿತ್ತು. ‘ಆಕಾಶವಾಣಿ’ ಎಂಬ ಸುಂದರವಾದ ಹೆಸರು ದೇಶಕ್ಕೆಲ್ಲ ಪರಿಚಿತವಾಗುವ ಮೊದಲು ಆ ಮನೆಯ ಬಾನುಲಿಗೆ ಸಂದಿತ್ತು.

ಮನೆಯ ಕೋಣೆಯೊಂದರಿಂದ ಲೋಕಕ್ಕೆ ಮಾತನ್ನು ಮುಟ್ಟಿಸುವ ಆ ಉತ್ಸಾಹವೇ ಈಗ ಪಾಡ್‌ಕಾಸ್ಟ್ ಎಂಬ ಹೊಸ ಹೆಸರಿನಲ್ಲಿ ಮರಳಿ ಬಂದಿದೆ. 2004ರಲ್ಲಿ ಬ್ರಿಟನ್ನಿನ ಪತ್ರಕರ್ತ ಬೆನ್ ಹ್ಯಾಮರ್ಸ್‌ಲಿ ‘ದಿ ಗಾರ್ಡಿಯನ್’ ಪತ್ರಿಕೆಯ ಲೇಖನವೊಂದರಲ್ಲಿ ಈ ಪದವನ್ನು ಬಳಸಿದರು. ಇದಕ್ಕೆ ಪ್ರಸಾರಯಂತ್ರ ಬೇಡ, ಗೋಪುರ ಬೇಡ. ಇಬ್ಬರು ಎದುರುಬದುರಾಗಿ ಕುಳಿತು ಮಾತನಾಡಿ, ಅದನ್ನು ಮುದ್ರಿಸಿ, ಅಂತರಜಾಲಕ್ಕೆ ಏರಿಸಿದರಾಯಿತು. ಧಾರವಾಡದಲ್ಲಿರುವವರೂ ಕೇಳಬಹುದು, ಡಲ್ಲಾಸಿನಲ್ಲಿರುವವರೂ ಕೇಳಬಹುದು. ಆದರೆ ಮುದ್ರಿಸುವ ಸಲಕರಣೆ ಯಾವುದು, ಅದಕ್ಕೆ ಎಷ್ಟು ಖರ್ಚು ಎಂಬ ಪ್ರಶ್ನೆ ಬಂದೊಡನೆ ಉತ್ಸಾಹಕ್ಕೆ ಗ್ರಹಣ ಹಿಡಿಯುತ್ತದೆ.

ಬೆಂಗಳೂರಿನ ಬಸವನಗುಡಿಯಲ್ಲೋ ಮೈಸೂರಿನ ಸರಸ್ವತಿಪುರದಲ್ಲೋ ಇರುವ ಒಂದು ಮನೆಯನ್ನು ವಾಚಕರು ಊಹಿಸಿಕೊಳ್ಳಬಹುದು. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ. ಹಬ್ಬದ ಅಡುಗೆಯಿಂದ ಹಿಡಿದು ಬರಗಾಲದ ನೆನಪಿನವರೆಗೆ ಅವರ ಬಾಯಲ್ಲಿ ಇಲ್ಲದ ಕಥೆಯಿಲ್ಲ. ಕಾಲೇಜಿನಲ್ಲಿ ಓದುವ ಮೊಮ್ಮಗಳಿಗೆ ಅವರೊಡನೆ ವಾರಕ್ಕೊಂದು ಸಂಭಾಷಣೆ ನಡೆಸಿ ಅದನ್ನು ಪಾಡ್‌ಕಾಸ್ಟ್ ಮಾಡುವ ಆಸೆ.

“ಅಪ್ಪ, ಎಲ್ಲರೂ ಇಟ್ಟುಕೊಂಡಿರುತ್ತಾರಲ್ಲ, ಅಂಥದೇ ಮೈಕು ಬೇಕು.”

“ಎಷ್ಟಾಗುತ್ತಮ್ಮ?”

ಬೆಲೆ ಕೇಳಿದ ತಂದೆ ಮಾತನ್ನು ಮುಂದಿನ ತಿಂಗಳಿಗೆ ಹಾಕುತ್ತಾರೆ. ಮುಂದಿನ ತಿಂಗಳು ಶಾಲೆಯ ಶುಲ್ಕ ಬರುತ್ತದೆ. ಅದರ ಮರುತಿಂಗಳು ಇನ್ನೊಂದು. ಸಂಬಳ ಒಂದು ತಿಂಗಳು ಕಾಯಬಲ್ಲದು, ಯಂತ್ರವೂ ಅಂಗಡಿಯಲ್ಲಿ ಕಾಯಬಲ್ಲದು. ಅಜ್ಜಿಯ ಕಂಠ ಕಾಯುವುದೆಂದು ಯಾರು ಹೇಳಬಲ್ಲರು?

ಮೊಮ್ಮಗಳು ಕಂಡಿರುವುದು ಬಹುಶಃ ಶೂರ್ ಕಂಪನಿಯ ಎಸ್‌ಎಂ7ಬಿ ಎಂಬ ಮೈಕನ್ನು. ಪ್ರಸಿದ್ಧರ ಸಂದರ್ಶನಗಳಲ್ಲೆಲ್ಲ ಕಾಣಸಿಗುವ ಕಪ್ಪು ಕೊಳವೆಯಂಥ ವಸ್ತು ಅದು. ಒಳ್ಳೆಯ ಮೈಕೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಹೊರಡಿಸುವ ವಿದ್ಯುತ್ ಸಂಕೇತ ಬಹಳ ಕ್ಷೀಣವಾದುದು. ಸುಮಾರು 60 ಡೆಸಿಬೆಲ್‌ನಷ್ಟು ಹಿಗ್ಗಿಸದೆ ಅದರಿಂದ ಮಾತು ಸ್ಪಷ್ಟವಾಗಿ ಹೊರಡದು. ಅಗ್ಗದ ಯಂತ್ರಕ್ಕೆ ಅದನ್ನು ಜೋಡಿಸಿದರೆ ಮಾತಿನ ಜೊತೆಗೆ ‘ಸುಯ್’ ಎಂಬ ಸದ್ದೂ ಹಿಗ್ಗುತ್ತದೆ. ಆಮೇಲೆ ಅದನ್ನು ತಗ್ಗಿಸಲು ಮತ್ತೊಂದು ಉಪಕರಣ, ಮತ್ತೊಂದು ಖರ್ಚು. ಆನೆಯನ್ನು ಕೊಂಡವನು ಅಂಕುಶವನ್ನೂ ಕೊಳ್ಳಬೇಕಷ್ಟೆ.

ಇಷ್ಟಕ್ಕೂ ಕಿವಿಗೆ ಹಿತವಾದ ಧ್ವನಿಮುದ್ರಣದ ಗುಟ್ಟು ಮೈಕಿನ ಬೆಲೆಯಲ್ಲಿರುವುದಕ್ಕಿಂತ ಹೆಚ್ಚಾಗಿ ಬಾಯಿಗೂ ಮೈಕಿಗೂ ಇರುವ ದೂರದಲ್ಲಿದೆ. ದೂರ ಅರ್ಧವಾದಾಗಲೆಲ್ಲ ನೇರವಾಗಿ ತಲುಪುವ ಮಾತಿನ ಒತ್ತಡ ಸುಮಾರಾಗಿ ಇಮ್ಮಡಿಯಾಗುತ್ತದೆ. 60 ಸೆಂಟಿಮೀಟರು ದೂರವಿದ್ದ ಮೈಕನ್ನು 15 ಸೆಂಟಿಮೀಟರಿಗೆ ತಂದರೆ ಮಾತು ನಾಲ್ಕು ಪಟ್ಟಾಗಿ, ಎಂದರೆ 12 ಡೆಸಿಬೆಲ್ ಹೆಚ್ಚಾಗಿ, ಮೈಕನ್ನು ಸೇರುತ್ತದೆ. ಗೋಡೆಗೆ ತಾಗಿ ಮರಳುವ ಪ್ರತಿಧ್ವನಿಯಾದರೋ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಗೋಡೆಗಳಿಗೆ ಕಿವಿಯುಂಟೆಂಬುದು ಲೋಕದ ಮಾತು. ಮೈಕಿನ ಮುಂದೆ ಕುಳಿತವರಿಗೆ ಅವಕ್ಕೆ ಬಾಯಿಯೂ ಉಂಟೆಂದು ತಿಳಿಯುತ್ತದೆ. ಮೈಕು ಹತ್ತಿರ ಬಂದಷ್ಟೂ ಗೋಡೆಯ ಮಾತು ಅಡಗಿ ಮನುಷ್ಯರ ಮಾತು ಮುಂದಾಗುತ್ತದೆ. ಇದಕ್ಕೆ ಕಾಸು ಖರ್ಚಿಲ್ಲ.

ಇದರಿಂದಲೇ ಎರಡನೆಯ ನಿಯಮವೂ ಹುಟ್ಟುತ್ತದೆ: ಇಬ್ಬರಿಗೆ ಒಂದೇ ಮೈಕು ಸಾಲದು. ಮೇಜಿನ ನಡುವೆ ಒಂದನ್ನು ಇಟ್ಟರೆ ಅದು ಇಬ್ಬರಿಗೂ ದೂರ. ಮೊಮ್ಮಗಳ ಏರುದನಿ ಕಿವಿಗೆ ಬಡಿಯುತ್ತದೆ, ಅಜ್ಜಿಯ ಮೆಲುದನಿ ಬಾವಿಯ ತಳದಿಂದ ಬಂದಂತಿರುತ್ತದೆ. ಒಂದೇ ಬೆಲೆಬಾಳುವ ಮೈಕಿಗಿಂತ ಎರಡು ಸಾಧಾರಣ ಮೈಕುಗಳು ಮೇಲು.

ಮೈಕುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಕಂಡೆನ್ಸರ್ ಎಂಬುದು ಬಲು ಸೂಕ್ಷ್ಮ. ಕೊಂಚ ದೂರದಿಂದಲೂ ಸದ್ದನ್ನು ಹಿಡಿಯುತ್ತದೆ. ಸಾಮಾನ್ಯವಾಗಿ ಅದಕ್ಕೆ ಹೊರಗಿನಿಂದ 48 ವೋಲ್ಟ್ ವಿದ್ಯುತ್ತನ್ನು ಒದಗಿಸಬೇಕು. ಡೈನಮಿಕ್ ಎಂಬುದು ಅಷ್ಟು ನಾಜೂಕಿನದಲ್ಲ. ಬಾಯಿಯ ಹತ್ತಿರವೇ ಇರಬೇಕೆನ್ನುತ್ತದೆ, ಆದ್ದರಿಂದ ದೂರದ ಸದ್ದಿಗೆ ಅಷ್ಟಾಗಿ ಕಿವಿಗೊಡುವುದಿಲ್ಲ. ಕುಕ್ಕರಿನ ಸೀಟಿ, ತರಕಾರಿ ಗಾಡಿಯ ಕೂಗು, ಪಕ್ಕದ ಮನೆಯ ಟೆಲಿವಿಷನ್ ಇವುಗಳ ನಡುವೆ ಬಾಳುವ ಸಂಸಾರಕ್ಕೆ ಡೈನಮಿಕ್ಕೇ ಒಗ್ಗುವಂಥದು. 1966ರಲ್ಲಿ ಬಂದ ಶೂರ್ ಎಸ್‌ಎಂ58 ಇಂದಿಗೂ ಸಭೆ-ಕಚೇರಿಗಳ ವೇದಿಕೆಯ ಮೇಲೆ ದುಡಿಯುತ್ತಿರುವುದು ಈ ಜಾತಿಯ ಗಟ್ಟಿತನಕ್ಕೆ ಸಾಕ್ಷಿ. ಅದೂ ದುಬಾರಿಯೆನಿಸಿದರೆ ಬೆರಿಂಜರ್ ಕಂಪನಿಯ ಎಕ್ಸ್‌ಎಂ8500 ಅದಕ್ಕಿಂತ ಬಹಳ ಅಗ್ಗ; ಮಾತಿನ ಮಟ್ಟಿಗೆ ತೃಪ್ತಿಕರ.

ಇನ್ನು ಮೈಕಿನ ಸಂಕೇತ ಗಣಕಯಂತ್ರಕ್ಕೆ ತಲುಪುವ ಬಗೆ. ಕೆಲವು ಮೈಕುಗಳು ಯುಎಸ್‌ಬಿ ತಂತಿಯಿಂದ ನೇರವಾಗಿ ಸೇರಿಕೊಳ್ಳುತ್ತವೆ. ಒಬ್ಬರೇ ಮಾತನಾಡುವುದಾದರೆ ಇಷ್ಟು ಸಾಕು. ಇಬ್ಬರಿದ್ದಾಗ ತೊಡಕು ಹುಟ್ಟುತ್ತದೆ. ಉಚಿತವಾಗಿ ದೊರೆಯುವ ಜನಪ್ರಿಯ ತಂತ್ರಾಂಶ ‘ಅಡಾಸಿಟಿ’ ಒಂದು ಸಲಕ್ಕೆ ಒಂದೇ ಸಾಧನದಿಂದ ಮುದ್ರಿಸಿಕೊಳ್ಳುತ್ತದೆ. ಮೇಲಾಗಿ ಎರಡು ಯುಎಸ್‌ಬಿ ಮೈಕುಗಳ ಒಳಗಿನ ಗಡಿಯಾರಗಳು ಬೇರೆಬೇರೆ. ಒಂದು ಗಂಟೆಯ ಮಾತಿನಲ್ಲಿ ಒಂದು ಮುಂದೆ ಹೋಗಿ ಒಂದು ಹಿಂದೆ ಬಿದ್ದರೆ ಆಶ್ಚರ್ಯವಿಲ್ಲ. ಆದಕಾರಣ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ತಂತಿಯ ಎರಡು ಮೈಕುಗಳನ್ನೂ, ಅವೆರಡನ್ನೂ ಒಟ್ಟಿಗೆ ಸ್ವೀಕರಿಸಿ ಗಣಕಕ್ಕೆ ಕೊಡುವ ‘ಆಡಿಯೊ ಇಂಟರ್‌ಫೇಸ್’ ಎಂಬ ಪೆಟ್ಟಿಗೆಯನ್ನೂ ಕೊಳ್ಳುವುದು ಒಳಿತು. ಸ್ಯಾಮ್ಸನ್ ಕ್ಯೂ2ಯು, ಆಡಿಯೊ-ಟೆಕ್ನಿಕಾ ಎಟಿಆರ್2100ಎಕ್ಸ್ ಮುಂತಾದವುಗಳಲ್ಲಿ ಈ ಎರಡು ಬಗೆಯ ಜೋಡಣೆಯೂ ಉಂಟು. ಈ ತಿಂಗಳು ಒಂದು ಮೈಕು, ಮುಂದಿನ ತಿಂಗಳು ಇನ್ನೊಂದು, ಆಮೇಲೆ ಪೆಟ್ಟಿಗೆ ಎಂದು ಕಂತಿನಲ್ಲಿ ಕೊಳ್ಳುವವರಿಗೆ ಅವು ಅನುಕೂಲ.

ಪೆಟ್ಟಿಗೆಯನ್ನು ಕೊಳ್ಳುವಾಗ ಒಂದು ಎಚ್ಚರಿಕೆ ಅಗತ್ಯ. ‘ಎರಡು ಇನ್‌ಪುಟ್’ ಎಂದು ಬರೆದಿರುವುದೆಲ್ಲ ಎರಡು ಮೈಕಿಗೆ ಆಗುವುದಿಲ್ಲ. ಬೆರಿಂಜರ್ ಯುಎಂ2, ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೊ ಇವುಗಳಲ್ಲಿ ಮೈಕಿಗೆ ಇರುವುದು ಒಂದೇ ದಾರಿ. ಇನ್ನೊಂದು ಗಿಟಾರಿನಂಥ ವಾದ್ಯಗಳಿಗೆ. ಅಗ್ಗವೆಂದು ಇವನ್ನು ತಂದು ಮನೆಯಲ್ಲಿ ಬಿಚ್ಚಿದ ಮೇಲೆ ಅಜ್ಜಿ, ಮೊಮ್ಮಗಳು ಇಬ್ಬರಲ್ಲಿ ಒಬ್ಬರು ಮೌನವ್ರತ ಹಿಡಿಯಬೇಕಾಗುತ್ತದೆ. ಬೆರಿಂಜರ್ ಯುಎಂಸಿ202ಎಚ್‌ಡಿ, ಸ್ಕಾರ್ಲೆಟ್ 2ಐ2 ಇವುಗಳಲ್ಲಿ ಎರಡು ಮೈಕಿಗೂ ಸ್ಥಳವುಂಟು. ಮೊದಲನೆಯದು ಬೆಲೆಯಲ್ಲಿ ಹಗುರ. ಪ್ರತಿಯೊಂದು ಮೈಕನ್ನೂ ಪ್ರತ್ಯೇಕ ಪಥದಲ್ಲಿ ಮುದ್ರಿಸಿಕೊಳ್ಳಬೇಕೆಂಬುದನ್ನು ಮರೆಯಬಾರದು. ಹಾಗೆ ಮಾಡಿದರೆ ಅಜ್ಜಿ ಮಾತನಾಡುವಾಗ ಮೊಮ್ಮಗಳು ಕೆಮ್ಮಿದರೆ ಕೆಮ್ಮನ್ನಷ್ಟೇ ತೆಗೆದುಹಾಕಬಹುದು; ಎರಡೂ ಬೆರೆತು ಹೋದರೆ ಹಾಲಿಗೆ ಬಿದ್ದ ನೀರಿನಂತೆ, ಬೇರ್ಪಡಿಸುವುದು ಸಾಧ್ಯವಿಲ್ಲ.

ಗಣಕಯಂತ್ರದ ಗೋಜೇ ಬೇಡವೆನ್ನುವವರಿಗೆ ಜೂಮ್ ಕಂಪನಿಯ ಪಾಡ್‌ಟ್ರ್ಯಾಕ್ ಪಿ4 ಇದೆ. ನಾಲ್ಕು ಮೈಕಿಗೂ ನಾಲ್ಕು ಹೆಡ್‌ಫೋನಿಗೂ ಅದರಲ್ಲಿ ಸ್ಥಳವುಂಟು. ಮಾತನ್ನು ಚಿಕ್ಕ ಕಾರ್ಡಿನ ಮೇಲೆ ತಾನೇ ಬರೆದಿಟ್ಟುಕೊಳ್ಳುತ್ತದೆ. ಎರಡು ಪೆನ್ಸಿಲ್ ಸೆಲ್ಲುಗಳಿಂದಲೂ ನಡೆಯುವುದರಿಂದ ವಿದ್ಯುತ್ತು ಹೋದರೂ ಕಥೆ ನಿಲ್ಲುವುದಿಲ್ಲ. ಬೆಲೆ ಮಾತ್ರ ಸಣ್ಣ ಪೆಟ್ಟಿಗೆಗಿಂತ ಹೆಚ್ಚು.

ಇಷ್ಟಕ್ಕೂ ಕೈ ಸಾಗದಿದ್ದರೆ? ಆಗಲೂ ನಿರಾಶರಾಗಬೇಕಿಲ್ಲ. ಮನೆಯಲ್ಲಿ ಎರಡು ಮೊಬೈಲ್ ಫೋನುಗಳು ಇದ್ದೇ ಇರುತ್ತವೆ. ಒಂದೊಂದನ್ನು ಒಬ್ಬೊಬ್ಬರ ಮುಂದೆ, ಪುಸ್ತಕಗಳನ್ನು ಅಡುಕಿ ಅದರ ಮೇಲೆ, ಬಾಯಿಗೆ ಒಂದು ಗೇಣಿನೊಳಗೆ ಇರಿಸಬೇಕು. ಎರಡರಲ್ಲೂ ಮುದ್ರಣ ಆರಂಭಿಸಿ ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಬೇಕು. ಮಾತು ಮುಗಿದ ಮೇಲೆ ಇನ್ನೊಮ್ಮೆ. ಆಮೇಲೆ ಅಡಾಸಿಟಿಯಲ್ಲಿ ಎರಡು ಪಥಗಳನ್ನೂ ಚಪ್ಪಾಳೆಗೆ ಚಪ್ಪಾಳೆ ಕೂಡುವಂತೆ ಹೊಂದಿಸಿದರೆ ಸಂಭಾಷಣೆ ಸಿದ್ಧ. ಕೊನೆಯ ಚಪ್ಪಾಳೆ ಕೂಡದಿದ್ದರೆ ಎರಡು ಫೋನುಗಳ ಓಟದಲ್ಲಿ ಎಷ್ಟು ವ್ಯತ್ಯಾಸವಾಗಿದೆಯೆಂದು ಅದೇ ತಿಳಿಸುತ್ತದೆ. ಆರಂಭಕ್ಕೆ ಇದಕ್ಕಿಂತ ಅಗ್ಗದ ಉಪಾಯವಿಲ್ಲ.

ಸಲಕರಣೆಯಷ್ಟೇ ಮುಖ್ಯ ಕೋಣೆ. ಮೊಸಾಯಿಕ್ ನೆಲ, ಬರಿಯ ಗೋಡೆ, ಗಾಜಿನ ಕಿಟಕಿ ಇರುವ ನಡುಮನೆ ನೋಟಕ್ಕೆ ಚೆಂದ, ಮಾತಿಗೆ ಶತ್ರು. ಹತ್ತಿಯ ಹಾಸಿಗೆ, ದಪ್ಪ ಪರದೆ, ಬಾಗಿಲು ತೆರೆದಿಟ್ಟ ಸೀರೆಯ ಬೀರು, ಪುಸ್ತಕದ ಕಪಾಟು ಇರುವ ಮಲಗುವ ಕೋಣೆಯೇ ಬಡವರ ಸ್ಟುಡಿಯೊ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿ ಎರಡು ವಿಧದಲ್ಲಿ ಸತ್ಯ. ಗೋಡೆಗೆ ಮೊಟ್ಟೆಯ ತಟ್ಟೆಗಳನ್ನು ಅಂಟಿಸುವ ಪದ್ಧತಿಯಿಂದ ಮಾತ್ರ ಹೇಳಿಕೊಳ್ಳುವ ಪ್ರಯೋಜನವಿಲ್ಲ. ಹಳೆಯ ರಜಾಯಿಯೊಂದು ಅದಕ್ಕಿಂತ ಮೇಲು. ಫ್ಯಾನು ನಿಲ್ಲಬೇಕು, ಮೊಬೈಲು ಮೂಕವಾಗಬೇಕು, ಅಡುಗೆಮನೆಗೆ ಅರ್ಧ ಗಂಟೆ ರಜೆ ಸಿಗಬೇಕು.

ಇಬ್ಬರೂ ಎದುರುಬದುರಾಗಿ ಕುಳಿತುಕೊಳ್ಳಬೇಕು. ಕಾರ್ಡಿಯಾಯ್ಡ್ ಎಂಬ ಬಗೆಯ ಮೈಕು ಎದುರಿನ ಸದ್ದನ್ನು ಚೆನ್ನಾಗಿ ಹಿಡಿದು ಬೆನ್ನಿನ ಸದ್ದನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಆದ್ದರಿಂದ ಒಬ್ಬರ ಮೈಕಿನ ಬೆನ್ನು ಇನ್ನೊಬ್ಬರ ಕಡೆಗಿರಬೇಕು. ಬಾಯಿಯಿಂದ ಮೈಕು ಎಷ್ಟು ದೂರವೋ ಅದರ ಮೂರು ಪಟ್ಟಾದರೂ ದೂರ ಮೈಕು-ಮೈಕುಗಳ ನಡುವೆ ಇರಬೇಕೆಂಬುದು ಬಲ್ಲವರ ಲೆಕ್ಕ. 15 ಸೆಂಟಿಮೀಟರಿಗೆ 45. ಮೈಕನ್ನು ತುಟಿಯ ನೇರಕ್ಕೆ ಹಿಡಿಯದೆ ಕೊಂಚ ಓರೆಯಾಗಿರಿಸುವುದೂ ಅವಶ್ಯ. ಕನ್ನಡದ ಪವರ್ಗ ಬಲು ಗಾಳಿಯದು. ‘ಫಲ’, ‘ಭಕ್ತಿ’ ಎಂದು ಮಹಾಪ್ರಾಣವನ್ನು ಶುದ್ಧವಾಗಿ ಉಚ್ಚರಿಸುವ ಹಿರಿಯರ ಉಸಿರು ನೇರವಾಗಿ ಬಡಿದರೆ ಮೈಕು ‘ಧಬ್’ ಎನ್ನುತ್ತದೆ. ಒಂದು ಸ್ಪಂಜಿನ ಟೋಪಿ ತೊಡಿಸಿದರೆ ಆ ಬಾಧೆ ಇನ್ನೂ ಕಡಿಮೆ. ಮೈಕಿನ ಸ್ಟ್ಯಾಂಡಿನ ಕೆಳಗೆ ಮಡಿಸಿದ ಟವಲನ್ನಿಟ್ಟರೆ ಮೇಜು ಕುಟ್ಟಿ ಮಾತನಾಡುವ ಅಭ್ಯಾಸದವರಿಂದಲೂ ತೊಂದರೆಯಾಗದು.

ಮೊದಲ ದಿನವೇ ದೀರ್ಘ ಕಥೆಗೆ ಕೈಹಾಕಬಾರದು. ಐದು ನಿಮಿಷ ಮುದ್ರಿಸಿ ಹೆಡ್‌ಫೋನಿನಲ್ಲಿ ಕೇಳಿ ನೋಡಬೇಕು. ಎಚ್ಚರಿಕೆಯ ಕೆಂಪು ಗೆರೆಯನ್ನು ಮಾತು ಮುಟ್ಟುತ್ತಿದ್ದರೆ ತಗ್ಗಿಸಬೇಕು. ಒಡೆದು ಮುದ್ರಿತವಾದ ಸ್ವರವನ್ನು ಆಮೇಲೆ ಸರಿಪಡಿಸುವುದು ಕಷ್ಟ. ಹಿರಿಯರಿಗೆ ಯಂತ್ರದ ಸಂಕೋಚ ಕಳೆಯುವುದಕ್ಕೂ ಈ ಐದು ನಿಮಿಷ ಬೇಕು.

“ಅಜ್ಜಿ, ಇನ್ನೂ ಸ್ವಲ್ಪ ಮುಂದಕ್ಕೆ ಬಾ.”

“ಇದೇನೇ ಪುಟ್ಟಿ, ನನಗಿಂತ ಈ ಕೋಲಿಗೇ ಕಿವಿ ಮಂದವೇನೇ?”

ಈ ಮಾತೂ ಮುದ್ರಿತವಾಗಿದ್ದರೆ ಅದನ್ನು ಅಳಿಸಬಾರದು. ಮುಂದೆ ಎಂದೋ ಒಂದು ದಿನ ಮನೆಯವರು ಹುಡುಕಿ ಹುಡುಕಿ ಕೇಳುವುದು ಇಂಥ ಮಾತನ್ನೇ.

ಕೊನೆಯದಾಗಿ, ಮುದ್ರಿಸಿದ್ದನ್ನು ಕಾಪಾಡುವ ಬಗೆ. ಸೆಕೆಂಡಿಗೆ 48,000 ಮಾದರಿಗಳಂತೆ 16 ಬಿಟ್‌ನಲ್ಲಿ ಎರಡು ಪಥಗಳನ್ನು ಮುದ್ರಿಸಿದರೆ ಒಂದು ಗಂಟೆಯ ಮಾತು ಸುಮಾರು 690 ಮೆಗಾಬೈಟ್ ಆಗುತ್ತದೆ. ಅಂತರಜಾಲಕ್ಕೆ ಏರಿಸಲು ಅದನ್ನು ಕುಗ್ಗಿಸಿ ಎಂಪಿ3 ಮಾಡಬಹುದು. ಆದರೆ ಮೂಲವನ್ನು ಎರಡು ಬೇರೆ ಬೇರೆ ಕಡೆ ಇಡಬೇಕು. ಒಂದು ಮನೆಯಲ್ಲಿ, ಇನ್ನೊಂದು ಊರಿನಲ್ಲಿರುವ ಮಗನ ಮನೆಯಲ್ಲೋ ಮಗಳ ಮನೆಯಲ್ಲೋ ಇದ್ದರೆ ಮತ್ತೂ ಕ್ಷೇಮ.

ಮನೆಯ ಆಯವ್ಯಯ ನೋಡಿ ಖರ್ಚು ಮಾಡುವವರಿಗೆ ಕ್ರಮ ಇಷ್ಟೆ: ಮೊದಲು ಎರಡು ಫೋನು, ಒಂದು ಹಾಸಿಗೆಯ ಕೋಣೆ, ಆಮೇಲೆ ಎರಡು ಡೈನಮಿಕ್ ಮೈಕು, ಅವಕ್ಕೆ ತಕ್ಕ ತಂತಿ, ಸ್ಟ್ಯಾಂಡು ಮತ್ತು ಎರಡು ಮೈಕಿನ ಪೆಟ್ಟಿಗೆ, ಅದರ ನಂತರ ಒಳ್ಳೆಯ ಹೆಡ್‌ಫೋನು. ಮಿಕ್ಕುದೆಲ್ಲ ಅಲಂಕಾರ. ತಂದೆಯ ಮುಂದಿನ ತಿಂಗಳ ಮಾತು ಪೆಟ್ಟಿಗೆಗೆ ಸಲ್ಲಬಹುದು, ಅಜ್ಜಿಗೆ ಸಲ್ಲದು. ಅವರ ಮೊದಲನೆಯ ಕಥೆ ಬರುವ ಭಾನುವಾರವೇ ಎರಡು ಫೋನುಗಳಲ್ಲಿ ಮುದ್ರಿತವಾಗಲಿ.