ಮರಳಿ ಬರುವ ರಾಕೆಟ್

ದೀಪಾವಳಿಯಲ್ಲಿ ನಾವು ಹಾರಿಸಿದ ರಾಕೆಟ್ ಯಾರ ಬಾಲ್ಕನಿಯಲ್ಲಿ ಬಿತ್ತೆಂದು ನೋಡಲು ಹೋಗುವುದಿಲ್ಲ. ಮಾದರಿ ರಾಕೆಟ್ಟಿನ ಹವ್ಯಾಸಿಗೆ ಆ ಉದಾಸೀನ ಸಲ್ಲದು. 1954ರಲ್ಲಿ ಅಮೆರಿಕದ ನೆಬ್ರಾಸ್ಕದ ಪಾದರಕ್ಷೆ ವ್ಯಾಪಾರಿ ಆರ್ವಿಲ್ ಕಾರ್ಲೈಲ್ ರೂಪಿಸಿದ ಇಂಥ ರಾಕೆಟ್ಟಿನಲ್ಲಿ ಪ್ಯಾರಾಚೂಟ್ ಮೊದಲಿನಿಂದಲೇ ಇತ್ತು. ಇಂದಿಗೂ ಅಲ್ಲಿಯ ಹವ್ಯಾಸಿಗಳು ಸಣ್ಣ ರಾಕೆಟ್ಟಿಗೂ ಕನಿಷ್ಠ 15 ಅಡಿ ಹಿಂದೆ ಸರಿದು, ಮೇಲೆ ವಿಮಾನವಿಲ್ಲವೆಂದು ನೋಡಿ, ಗಟ್ಟಿಯಾಗಿ ಎಣಿಸಿ, ವಿದ್ಯುತ್ ಗುಂಡಿ ಒತ್ತುತ್ತಾರೆ. ಏರಿಕೆ ಕೆಲವೇ ಕ್ಷಣ. ಆಮೇಲೆ ತೇಲುತ್ತ ಇಳಿಯುವ ರಾಕೆಟ್ಟಿನ ಬೆನ್ನು ಹತ್ತಿ ಬಯಲಿನಲ್ಲಿ ನಡೆಯಬೇಕು. ನನ್ನ ಮಟ್ಟಿಗೆ ನಿಜವಾದ ಪಾಠ ಆ ನಡಿಗೆಯಲ್ಲಿದೆ. ನಮ್ಮ ಶಾಲೆಗಳು ನ್ಯೂಟನ್ನನ ಮೂರನೆಯ ನಿಯಮವನ್ನು ಕರಿಹಲಗೆಯಲ್ಲೇ ಮುಗಿಸುತ್ತವೆ. ಅಪಾಯವೆಂದು ಮಕ್ಕಳನ್ನು ಬಯಲಿಗೆ ಬಿಡುವುದಿಲ್ಲ. ಹಾರಿಸಿದವನೇ ಹುಡುಕಿ ತರಬೇಕೆಂಬ ನಿಯಮವನ್ನು ಕಲಿತ ಮಗುವಿನ ಕೈಗೆ ಬೆಂಕಿಯನ್ನು ನಂಬಿ ಕೊಡಬಹುದು.